ಒಂದು ಕುರಿದನಿ ಮತ್ತು ರೋಡಿನಾಚೆಯ ಅಂಗನವಾಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮೂರ ಅಂಗನವಾಡಿ ಟಾರು ರೋಡಿನ ಆಚೆಗೆ ಹೋದದ್ದು ನನ್ನ ಗಂಟಲಿನಿಂದ. ಆ ಕೆಲಸಕ್ಕೆ ನನಗೆ ಸಿಕ್ಕಿದ್ದು ಒಂದು ಪ್ಲೇಟು ಮಂಡಕ್ಕಿ, ಎರಡು ಮಿರ್ಚಿ. ಮಿರ್ಚಿ ತಣ್ಣಗಾಗಿದ್ದವು. ಊರಿಗೆ ಮೋಸ ಮಾಡಿದವನಿಗೆ ಬಿಸಿ ಮಿರ್ಚಿಯಾದರೂ ಸಿಗಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಈಗ ದಿನಾ ಬೆಳಿಗ್ಗೆ ನನ್ನ ಅಕ್ಕ ನಮ್ಮ ಕೇರಿಯ ಮಕ್ಕಳನ್ನು ರೋಡಿನ ಈಚೆ ಸಾಲಾಗಿ ನಿಲ್ಲಿಸುತ್ತಾಳೆ. ಅಕ್ಕ ಅಂಗನವಾಡಿ ಟೀಚರು. ಅವಳ ಕೈಯಲ್ಲಿ ಉದ್ದನೆಯ ಹಗ್ಗ, ಹಗ್ಗದ ತುಂಬಾ ಗಂಟುಗಳು, ಒಂದೊಂದು ಗಂಟನ್ನು ಹಿಡಿದು ಒಂದೊಂದು ಕೂಸು. ಮೆಕ್ಕೆಜೋಳದ ಲಾರಿ ಹೋದ ಮೇಲೆ, ಮರಳಿನ ಟಿಪ್ಪರು ಬರುವುದಕ್ಕೆ ಮುಂಚೆ ದಾಟಬೇಕು. ನಡುರೋಡಿನಲ್ಲಿ ಯಾವುದೋ ಕೂಸಿನ ಚಪ್ಪಲಿ ಕಳಚುತ್ತದೆ. ಅದು ಚಪ್ಪಲಿಗೆ ಬಗ್ಗುತ್ತದೆ, ಇಡೀ ಸಾಲು ಬಗ್ಗುತ್ತದೆ. ಆ ಹಗ್ಗ ಕುರಿಮಂದೆಯ ಸುತ್ತ ಬಲೆ ಕಟ್ಟುವ ಹಗ್ಗ. ನಮ್ಮ ವಾರ್ಡಿನ ಪಂಚಾಯ್ತಿ ಮೆಂಬರು ಪುಕ್ಕಟೆ ಕೊಟ್ಟದ್ದು. ಅವನು ಕುರಿ ಸಾಕುವವನು, ನಾವೆಲ್ಲ ಮಾವ ಎಂದು ಕರೆಯುತ್ತೇವೆ. ಒಳ್ಳೆಯ ಹಗ್ಗ, ಹರಿಯುವುದಿಲ್ಲ. ಮಕ್ಕಳು ಮಾತ್ರ ಕಡಿಮೆಯಾಗುತ್ತಿದ್ದಾರೆ. ಕೂಲಿಗೆ ಹೋಗುವ ತಾಯಂದಿರು, 'ಆ ರೋಡಿನ ಮ್ಯಾಲೆ ಬಿಡಾಕಿಂತ ಹೊಲದಾಗೆ ಬದುವಿನ ಮ್ಯಾಲೆ ಕುಂಡ್ರಿಸ್ಕತೀವಿ ಬಿಡಕ್ಕಾ' ಎನ್ನುತ್ತಾರೆ. ಹೀಗೇ ಹಾಜರಾತಿ ಇಳಿದರೆ ಈ ಕೇಂದ್ರವನ್ನು ಪಕ್ಕದೂರಿನದಕ್ಕೆ ಸೇರಿಸಿಬಿಡುತ್ತೇವೆ ಎಂದು ಸೂಪರ್‌ವೈಸರ್ ಮೇಡಂ ಹೇಳಿ ಹೋಗಿದ್ದಾರೆ. ಸೇರಿಸಿದರೆ ಕೇರಿಗೆ ಅಂಗನವಾಡಿಯೂ ಇಲ್ಲ, ಅಕ್ಕನಿಗೆ ಕೆಲಸವೂ ಇಲ್ಲ.

ನನ್ನ ಕಸುಬು ದನಿ. ಚನ್ನಗಿರಿಯ ಓಣಿಗಳಲ್ಲಿ ಬೆಳಿಗ್ಗೆ ತರಕಾರಿ ಗಾಡಿಯ ಮೈಕಿನಿಂದ 'ಬರ್ರಕ್ಕಾ, ಬರ್ರಿ' ಎಂದು ಕೂಗುವ ಗಂಡಸು ನಾನೇ. ಹೊನ್ನಾಳಿಯಲ್ಲಿ ಹಳೇ ಪಾತ್ರೆಗೆ ಹೊಸ ಪಾತ್ರೆ ಕೊಡುವ ಗಾಡಿಯ ಹೆಂಗಸೂ ನಾನೇ. ನ್ಯಾಮತಿಯಲ್ಲಿ ಬೆಡ್‌ಶೀಟು ಮಾರುವ ವ್ಯಾನಿನೊಳಗೆ ಗಂಡ ಹೆಂಡತಿ ಜಗಳವಾಡುತ್ತಾರಲ್ಲ, ಇಬ್ಬರೂ ನಾನು. ಜಗಳದಲ್ಲಿ ಹೆಂಡತಿ ಗೆಲ್ಲುತ್ತಾಳೆ, ಬೆಡ್‌ಶೀಟು ಖರ್ಚಾಗುತ್ತದೆ. ಮೊಬೈಲಿನಲ್ಲಿ ರೆಕಾರ್ಡು ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಡುವುದು, ಅಷ್ಟೇ. ನಾನು ಹುಟ್ಟಿದಾಗ ಅತ್ತದ್ದೂ ಪಕ್ಕದ ಮಂಚದ ಕೂಸಿನ ದನಿಯಲ್ಲಿ ಎಂದು ಅವ್ವ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಬುದ್ಧನ ಪಟ, ಅವ್ವನ ಮಾರಮ್ಮನ ಪಟ ಅಕ್ಕಪಕ್ಕದ ಮೊಳೆಗಳಲ್ಲಿವೆ. ಚಿಕ್ಕವನಿದ್ದಾಗ ಅವೆರಡಕ್ಕೂ ದನಿ ಕೊಟ್ಟು ಮಾತಾಡಿಸಲು ಹೋಗಿ, ಎರಡರ ಮುಂದೆಯೂ ಏಟು ತಿಂದಿದ್ದೇನೆ.

ನಮ್ಮೂರು ಜಗಳೂರು ಸೀಮೆಯದು. ಬಿಳಿಚೋಡಿನ ಸಂತೆಗೆ ಹೋಗಿ ಬರುವ ದೂರ. ಹೆಸರು ಹೇಳುವುದಿಲ್ಲ. ಹೇಳದಿದ್ದರೆ ಪ್ರತಿ ಊರಿನವರೂ ಇದು ನಮ್ಮೂರೇ ಅಂದುಕೊಳ್ಳುತ್ತಾರೆ, ಅಂದುಕೊಂಡರೆ ತಪ್ಪೇನೂ ಆಗುವುದಿಲ್ಲ.

ನಮ್ಮ ಪಂಚಾಯ್ತಿಯ ಅಧ್ಯಕ್ಷರು ಹೆಂಗಸು. ಬೋರ್ಡಿನ ಮೇಲೆ ಅವರ ಹೆಸರಿದೆ. ಬಾವುಟ ಹಾರಿಸುವ ದಿನ ರೇಷ್ಮೆ ಸೀರೆ ಉಟ್ಟು ಬರುತ್ತಾರೆ, ಹಗ್ಗ ಎಳೆಯುತ್ತಾರೆ, ಹೋಗುತ್ತಾರೆ. ಮಿಕ್ಕ ದಿನ ಅವರ ಕುರ್ಚಿಯಲ್ಲಿ ಕೂರುವುದು ಅವರ ಗಂಡ. ಜನ ಅವರನ್ನೇ 'ಅಧ್ಯಕ್ಷರೇ' ಎನ್ನುತ್ತಾರೆ. ಅವರೂ ಓಗೊಡುತ್ತಾರೆ. ನಾನು ಅವರ ನಡಿಗೆಯನ್ನೂ ಮಾಡಿ ತೋರಿಸಬಲ್ಲೆ: ಮೊದಲು ಹೊಟ್ಟೆ ಬರುತ್ತದೆ, ಆಮೇಲೆ ನಗು, ಕೊನೆಗೆ ಅವರು.

ಅಂಗನವಾಡಿ ಆಗ ನಡೆಯುತ್ತಿದ್ದದ್ದು ನಮ್ಮ ಕೇರಿಯ ಸಮುದಾಯ ಭವನದ ಒಂದು ಕೋಣೆಯಲ್ಲಿ. ಮಳೆ ಬಂದರೆ ಅಕ್ಕ ಮಕ್ಕಳನ್ನು ಸೋರದ ಮೂಲೆಗೆ ಸರಿಸಿ, ಪೌಷ್ಟಿಕ ಆಹಾರದ ಚೀಲಗಳನ್ನು ಬೆಂಚಿನ ಮೇಲೆ ಏರಿಸಿ, ತಾನು ನೆನೆಯುತ್ತಾ ನಿಲ್ಲುತ್ತಿದ್ದಳು. ಸರ್ಕಾರದಿಂದ ಹೊಸ ಕಟ್ಟಡ ಮಂಜೂರಾಯಿತು ಎಂಬ ಸುದ್ದಿ ಬಂದ ದಿನ ಅವಳು ಕೇರಿಯ ನೀರಿನ ಟ್ಯಾಂಕಿನ ಹಿಂದಿನ ಖಾಲಿ ಜಾಗಕ್ಕೆ ನನ್ನನ್ನು ಕರೆದೊಯ್ದಿದ್ದಳು. ಸರ್ಕಾರದ್ದೇ ಜಾಗ, ಕೇರಿಯ ನಡುವೆಯೇ ಇದೆ. ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, 'ಇಲ್ಲಿ ಅಡಿಗೆ, ಇಲ್ಲಿ ಜೋಕಾಲಿ, ಕಿಟಕಿ ಮಾತ್ರ ತಗ್ಗಿನಾಗಿರ್ಬೇಕು, ಕೂಸುಗಳಿಗೆ ಹೊರಗೆ ಕಾಣಂಗೆ' ಎಂದಳು. ನಾನು ಎಂಜಿನಿಯರ್ ದನಿಯಲ್ಲಿ, 'ಮೇಡಂ, ಕಿಟಕಿ ಎಸ್ಟಿಮೇಟಿನಲ್ಲಿ ಇಲ್ಲ' ಎಂದೆ. ಅಕ್ಕ ನಕ್ಕಳು. ಆ ಕಟ್ಟಡದ ವಿಷಯಕ್ಕೆ ಅವಳು ನಕ್ಕದ್ದು ಅದೇ ಕೊನೆ.

ಏಕೆಂದರೆ ರೋಡಿನ ಆಚೆ ಅಧ್ಯಕ್ಷರ ಗಂಡನ ಹೊಲವಿತ್ತು. ಹೊಲ ಎಂದರೆ, ಮೊದಲು ಹೊಲ. ಈಗ ಸಾಲಾಗಿ ಕಲ್ಲು ನೆಟ್ಟು, ಹೆಂಡತಿಯ ಹೆಸರಿಗೆ ನಗರ ಎಂದು ಸೇರಿಸಿ, ಕಬ್ಬಿಣದ ಕಮಾನು ನಿಲ್ಲಿಸಿದ ಲೇಔಟು. ರೋಡಿಲ್ಲ, ಲೈಟಿಲ್ಲ, ನೀರಿಲ್ಲ. ಯಾರು ಕೊಳ್ಳುತ್ತಾರೆ? ಹಂದಿಗಳು ಮಾತ್ರ ಪುಕ್ಕಟೆ ವಾಸಕ್ಕಿದ್ದವು. ಆದರೆ ಸರ್ಕಾರದ ಒಂದು ಕಟ್ಟಡ ಅಲ್ಲಿ ಎದ್ದರೆ ಅದರ ಬೆನ್ನಿಗೆ ಸಿಮೆಂಟು ರೋಡು, ಕಂಬ, ನಲ್ಲಿ ಎಲ್ಲವೂ ಬರುತ್ತವೆ. ಆದ್ದರಿಂದ ಅವರು ಲೇಔಟಿನ ಒಂದು ಮೂಲೆಯನ್ನು ಅಂಗನವಾಡಿಗೆ ದಾನ ಕೊಡುವುದಾಗಿ ಹೇಳಿದರು. ಕಟ್ಟುವ ಗುತ್ತಿಗೆ ಅವರ ಬಾಮೈದನಿಗೆ. ನಮ್ಮಲ್ಲಿ ಇದನ್ನು ಯಾರೂ ತಪ್ಪು ಎನ್ನುವುದಿಲ್ಲ. 'ಅನುಕೂಲಸ್ಥರು, ಮಾಡ್ಕಂತಾರೆ' ಎನ್ನುತ್ತಾರೆ.

ಪಂಚಾಯ್ತಿಯಲ್ಲಿ ಮೆಂಬರುಗಳು ಸರಿಯಾಗಿ ಎರಡು ಪಾಲಾದರು. ಅರ್ಧ ಜನ ಕೇರಿಯ ಜಾಗ ಎಂದರು, ಅರ್ಧ ಜನ ದಾನದ ಜಾಗ ಎಂದರು. ಉಳಿದವನು ಕುರಿ ಮಾವ ಒಬ್ಬನೇ. ಅವನು ಹೋಗುವ ಮುಂಚೆ ಎಲ್ಲರ ಎದುರಿಗೇ ಹೇಳಿ ಹೋಗಿದ್ದ: 'ಕೂಸುಗಳನ್ನ ರೋಡು ದಾಟ್ಸಾಕೆ ನಾನು ಒಪ್ಪಲ್ಲ. ನನ್ನ ಕುರಿಮರಿನೇ ದಾಟ್ಸಲ್ಲ ನಾನು.'

ಹೋಗುವುದು ಎಂದರೆ, ಭತ್ತ ಕೊಯ್ದ ಮೇಲೆ ನಮ್ಮ ಕಡೆಯ ಕುರಿಗಾರರು ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ, ಚನ್ನಗಿರಿ ಹೊನ್ನಾಳಿ ಕಡೆಗೆ ಹೋಗುತ್ತಾರೆ. ಗದ್ದೆಯಲ್ಲಿ ಮಂದೆ ನಿಲ್ಲಿಸುತ್ತಾರೆ, ಗದ್ದೆಯವರಿಗೆ ಗೊಬ್ಬರವಾಗುತ್ತದೆ. ತಿಂಗಳುಗಟ್ಟಲೆ ಊರಿಗೆ ಬರುವುದಿಲ್ಲ. ಹಾಗೆ ಬಾರದ ಮೆಂಬರನ್ನು ಸಭೆಯಲ್ಲಿ ಹಾಜರು ಮಾಡಿಸಲು ನಮ್ಮ ಪಂಚಾಯ್ತಿಯೇ ಕಂಡುಹಿಡಿದ ಪದ್ಧತಿಯೊಂದಿತ್ತು. ಅಧ್ಯಕ್ಷರ ಗಂಡ ತಮ್ಮ ಮೊಬೈಲಿನಿಂದ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲೆ ಇಡುತ್ತಾರೆ. ಅತ್ತಲಿಂದ 'ಒಪ್ಪಿಗೆ ಐತ್ರಪ್ಪಾ' ಎಂಬ ದನಿ ಬರುತ್ತದೆ. ಪಿಡಿಒ ಸಾಹೇಬರು ಬರೆದುಕೊಳ್ಳುತ್ತಾರೆ. ನಂಬರು ಯಾರದ್ದೆಂದು ಇಣುಕಿ ನೋಡುವುದು ಅಮರ್ಯಾದೆ.

ಹೀಗಿರುವಾಗ ಒಂದು ದಿನ ನಾನು ಪಂಚಾಯ್ತಿ ಎದುರಿನ ಚಾ ಅಂಗಡಿಯಲ್ಲಿದ್ದೆ. ಅಧ್ಯಕ್ಷರ ಗಂಡ ಹೊರಗೆ ಬಂದರು.

'ಏನಲೇ ಮಿಮಿಕ್ರಿ, ಕುರಿ ಮೆಂಬರ್ ದನಿ ಬರ್ತೈತೇನೋ ನಿಂಗೆ?'

'ಕುರಿದು ಬೇಕೋ, ಮೆಂಬರ್ದು ಬೇಕೋ ಅಣ್ಣಾರೆ?'

'ಎರಡೂ ಹೊಡಿ! ಒಳಗೆ ಮೀಟಿಂಗ್ ಐತೆ, ಎಲ್ಲಾ ಮಕ ಗಂಟು ಹಾಕ್ಕಂಡು ಕುಂತಾರೆ. ಸ್ವಲ್ಪ ನಗಸಾಣ. ನಾನು ನಿಂಗೆ ಫೋನ್ ಹಚ್ತೀನಿ. ಅವನ ದನಿಯಾಗೆ, ಅಧ್ಯಕ್ಷರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಐತೆ ಅನ್ನು. ಯಾರಿಗಾರ ಗೊತ್ತಾಗ್ತೈತೇನೋ ನೋಡಾಣ. ಆಮ್ಯಾಲೆ ನಾನೇ ಹೇಳ್ತೀನಿ, ಇದು ನಮ್ಮ ಹುಡುಗನ ಆಟ ಅಂತ.' ಹಾಗೆಂದು ಅಂಗಡಿಯವನಿಗೆ, 'ಇವನಿಗೊಂದು ಮಂಡಕ್ಕಿ ಮಿರ್ಚಿ ಕೊಡಪ್ಪಾ' ಎಂದರು.

ಯಾವ ವಿಷಯಕ್ಕೆ ಮೀಟಿಂಗು ಎಂದು ನಾನು ಕೇಳಲಿಲ್ಲ. ನನ್ನ ತಲೆಯೊಳಗೆ ಇದ್ದದ್ದು ಒಂದೇ: ಹತ್ತು ಜನ ಮೆಂಬರುಗಳ ಮುಂದೆ ನನ್ನ ವಿದ್ಯೆ ಗೆಲ್ಲುತ್ತದೋ ಇಲ್ಲವೋ. ಫೋನು ಬಂತು. ಮಾವನ ಹಾಗೆ ಮೊದಲು ಕೆಮ್ಮಿದೆ. ಅವನು ಮಾತಿನ ನಡುವೆ ಮಂದೆಯ ಕಡೆ ತಿರುಗಿ 'ಹುರ್‍ರೋ' ಅನ್ನುತ್ತಾನೆ, ಅದನ್ನೂ ಅಂದೆ. ಒಪ್ಪಿಗೆ ಹೇಳಿದೆ. ಯಾರೂ ಕೇಳದಿದ್ದರೂ, ನನ್ನ ಕಡೆಯಿಂದ ಕೊಸರು ಎಂದು, ಫೋನನ್ನು ಸ್ವಲ್ಪ ದೂರ ಹಿಡಿದು ಎರಡು ಸಲ ಕುರಿಯ ಹಾಗೆ ಬ್ಯಾ ಎಂದೆ.

ಆಮೇಲೆ ಒಳಗಿನಿಂದ ನಗು ಬರುತ್ತದೆಂದು ಕಾದೆ. ಬರಲಿಲ್ಲ. ಮಿಮಿಕ್ರಿ ಕೆಟ್ಟಿತೇನೋ ಎಂದು ನನಗೆ ಬಹಳ ಬೇಸರವಾಯಿತು. ಬೇಸರದಲ್ಲೇ ಎರಡನೇ ಮಿರ್ಚಿ ತಿಂದೆ.

ಸ್ವಲ್ಪ ದಿನ ಕಳೆದ ಮೇಲೆ ರೋಡಿನಾಚೆ ಜೆಸಿಬಿ ಪಾಯ ತೋಡುವ ಸದ್ದು ಕೇಳಿತು. ಅಕ್ಕ ಪಂಚಾಯ್ತಿಗೆ ಓಡಿದಳು. ಪಿಡಿಒ ನಡಾವಳಿ ಪುಸ್ತಕ ತೆರೆದು ತೋರಿಸಿದರು. ಒಂದು ಮತ ಹೆಚ್ಚಾಗಿ ದಾನದ ಜಾಗ ಠರಾವಾಗಿದೆ, 'ಗೈರುಹಾಜರಿದ್ದ ಮಾನ್ಯ ಸದಸ್ಯರು ದೂರವಾಣಿ ಮೂಲಕ ಸಮ್ಮತಿ ಸೂಚಿಸಿರುತ್ತಾರೆ.' ಮನೆಗೆ ಬಂದವಳು, 'ಆ ಮಾವ ಹಿಂಗೆ ಮಾಡ್ತಾನೆ ಅಂತ ಕನಸಿನಾಗೂ ಅಂದ್ಕಂಡಿರ್ಲಿಲ್ಲ' ಎಂದು ಅವನಿಗೆ ಶಾಪ ಹಾಕತೊಡಗಿದಳು. ಬೇರೆಯವನ ತಲೆಗೆ ಬೀಳುತ್ತಿರುವ ಶಾಪ ನನ್ನದು ಎಂದು ಗೊತ್ತಿದ್ದೂ ಸುಮ್ಮನಿರುವುದಕ್ಕೆ ನನಗೆ ಒಂದು ಊಟದ ಹೊತ್ತು ಮಾತ್ರ ಸಾಧ್ಯವಾಯಿತು. ಆಮೇಲೆ ಹೇಳಿದೆ.

ಅಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

'ಬ್ಯಾ ಅಂತ ಬ್ಯಾರೆ ಅಂದೇನು?'

'ಹೂಂ.'

'ಎಷ್ಟು ಸಲ?'

'ಎರಡು.'

'ಮೂರು ವರ್ಷದ್ದು ಕೂಸು. ಮೆಟ್ಟಿಲು ಹತ್ತಾಕೆ ಬರಲ್ಲ ಅದಕ್ಕೆ. ಲಾರಿ ಬಂದಾಗ ಹೆಂಗೆ ಓಡಬೇಕು ಅಂತ ನೀನೇ ಹೋಗಿ ಕಲಿಸು.' ಹಾಗೆಂದು ಮೊರ ಎತ್ತಿಕೊಂಡಳು. ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾನು ಅವಳ ದನಿಯಲ್ಲಿ ನನ್ನನ್ನೇ ಬೈದುಕೊಂಡು ನಗಿಸಲು ನೋಡಿದೆ. ನಗಲಿಲ್ಲ.

ಮೇಲಿನ ಆಫೀಸಿಗೆ ಅರ್ಜಿ ಬರೆದೆ. ನಾನೇ ಆ ದನಿ, ನಾನೇ ಆ ಕುರಿ, ಠರಾವು ಸುಳ್ಳು ಎಂದು ಸ್ಪಷ್ಟವಾಗಿ ಬರೆದೆ. ಅಲ್ಲಿನ ಅಧಿಕಾರಿ ಓದಿ, ಕನ್ನಡಕ ತೆಗೆದು, 'ಅಲ್ಲಪ್ಪಾ, ಇಂಥದ್ದನ್ನೂ ಬರ್ಕೊಡ್ತಾರಾ? ಇರ್ಲಿ, ವರದಿ ತರಿಸ್ತೀನಿ' ಎಂದರು. ಯಾರಿಂದ ವರದಿ? ನಮ್ಮ ಪಿಡಿಒ ಅವರಿಂದ. ಪಿಡಿಒ ಬರೆದು ಕಳಿಸಿದ ವರದಿಯ ಪ್ರತಿ ನನಗೂ ಬಂತು: 'ಸದರಿ ಅರ್ಜಿದಾರರು ವೃತ್ತಿಯಿಂದ ಇತರರ ಧ್ವನಿಯನ್ನು ಅನುಕರಿಸುವವರಾಗಿದ್ದು, ಅವರು ನೀಡಿರುವ ಹೇಳಿಕೆಯು ಅವರದೇ ಎಂದು ಖಚಿತಪಡಿಸಿಕೊಳ್ಳಲು ಸಾಧ್ಯವಾಗಿರುವುದಿಲ್ಲ.'

ಬರೆದ ಕೈಗೆ ಮುತ್ತು ಕೊಡಬೇಕೆನ್ನಿಸಿತು. ಇಷ್ಟು ಚೆನ್ನಾಗಿ ನನ್ನನ್ನು ಯಾರೂ ಆಡಿಕೊಂಡಿರಲಿಲ್ಲ. ನೇರ ಪಂಚಾಯ್ತಿಗೆ ಹೋದೆ.

'ಸಾರ್, ಆ ಲೇಔಟಿನಾಗೆ ನಿಮ್ಮ ಹೆಂಡ್ರ ಅಪ್ಪಾರ ಹೆಸರಿಗೊಂದು ಸೈಟ್ ಐತಂತಲ್ಲ?'

ಪಿಡಿಒ ತಲೆ ಎತ್ತಲೂ ಇಲ್ಲ. 'ಐತೆ. ಅದಕ್ಕೇ ಆ ಜಾಗ ನನಗೆ ಚೆನ್ನಾಗಿ ಗೊತ್ತು. ಜಾಗ ಗೊತ್ತಿಲ್ದೋರ ಕೈಯಾಗೆ ವರದಿ ಬರೆಸಾಕಾಗ್ತೈತೇನಪ್ಪಾ?'

ಅಲ್ಲೇ ಕೂತಿದ್ದ ಅಧ್ಯಕ್ಷರ ಗಂಡ ನಕ್ಕರು. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. 'ತಮ್ಮಾ, ನಿನ್ನ ಮಾತು ಯಾಕೆ? ಮೆಂಬರೇ ಗ್ರಾಮಸಭೆಗೆ ಬಂದು, ಅವತ್ತು ಮಾತಾಡಿದ್ದು ನಾನಲ್ಲ ಅನ್ಲಿ. ಠರಾವು ರದ್ದು. ನಾನೇ ನಿಂತು ನಿಮ್ಮ ಕೇರಿಯಾಗೆ ಗುದ್ದಲಿ ಹೊಡಿತೀನಿ. ಹೋಗು, ಕರ್ಕಂಡು ಬಾ.'

ಮರಳಿಲ್ಲವೆಂದು ಬಾಮೈದನ ಕೆಲಸ ಪಾಯದ ಮಟ್ಟದಲ್ಲಿ ನಿಂತಿತ್ತು. ಗ್ರಾಮಸಭೆಗೆ ಇನ್ನೂ ಸಮಯವಿತ್ತು. ನನ್ನ ಬೈಕು ತೆಗೆದೆ. ಮಾವನ ಫೋನು ಎಂದಿನಂತೆ ಸ್ವಿಚ್ ಆಫ್, ಗದ್ದೆ ಬಯಲಿನಲ್ಲಿ ಯಾರು ಚಾರ್ಜು ಮಾಡುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಹಮಾಲರು, 'ಕುರಿ ಹೋದ್ವು, ನಾಲೆ ಗುಂಟ' ಎಂದರು. ಹೊನ್ನಾಳಿಯಲ್ಲಿ ಗೊಬ್ಬರದಂಗಡಿಯವನು ನ್ಯಾಮತಿ ಕಡೆ ಕೈ ತೋರಿಸಿದ. ಕೊನೆಗೆ ಸೂರಗೊಂಡನಕೊಪ್ಪದ ದಾರಿಯಲ್ಲಿ, ಕೊಯ್ದ ಗದ್ದೆಯೊಂದರಲ್ಲಿ ಮಂದೆ ಸಿಕ್ಕಿತು. ಮಾವ ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ.

ಎಲ್ಲವನ್ನೂ ಹೇಳಿದೆ. ಅವನು ಮೊದಲು ನಂಬಲಿಲ್ಲ.

'ನನ್ನ ದನಿ ನಿಂಗೆ ಬರ್ತೈತಾ? ಎಲ್ಲಿ, ಮಾಡು ನೋಡಾಣ.'

ಬೆನ್ನು ತಿರುಗಿಸಿ ನಿಂತು ಅವನ ಹಾಗೆ ಕೆಮ್ಮಿದೆ, 'ಹುರ್‍ರೋ' ಎಂದೆ. ಮಂದೆಯ ಆ ತುದಿಯಲ್ಲಿ ಮಲಗಿದ್ದ ಅವನ ನಾಯಿ ತಟ್ಟನೆ ಎದ್ದು ಓಡಿ ಬಂದು ನನ್ನ ಕಾಲ ಬಳಿ ನಿಂತು ಬಾಲ ಆಡಿಸಿತು. ನನ್ನ ಮುಖ ನೋಡಿತು. ಮಾವನ ಮುಖ ನೋಡಿತು. ನಡುವೆ ಕೂತುಬಿಟ್ಟಿತು.

ಮಾವನಿಗೆ ನಗು ತಡೆಯಲಾಗಲಿಲ್ಲ. 'ಥೂ ನಿನ್ನ! ಎಂಟು ವರ್ಷದಿಂದ ನನ್ನ ಕೈ ರೊಟ್ಟಿ ತಿಂದ ನಾಯಿನೇ ಮೋಸ ಹೋತಲ್ಲೋ!' ನಕ್ಕು ನಕ್ಕು, ಆಮೇಲೆ ಕಣ್ಣು ಒರೆಸಿಕೊಂಡ. 'ಅಂದ್ರೆ ಊರಾಗೆ ಎಲ್ಲಾರೂ ನಾನೇ ಒಪ್ಪಿದೆ ಅಂತ ತಿಳ್ಕಂಡಾರೆ?'

'ಹೂಂ ಮಾವಾ. ಅಕ್ಕ ನಿಂಗೆ ಶಾಪ ಹಾಕಿದ್ಲು.'

'ನಂಗ್ಯಾಕೆ ಹಾಕ್ತಾಳೆ, ನಿಂಗೆ ಹಾಕ್ಲಿ.' ಎದ್ದು ಕಂಬಳಿ ಕೊಡವಿದ. 'ಬರ್ತೀನಿ ಕಣೋ. ಎಲ್ಲಾರ ಮುಂದೆ ನಿಂತು ಹೇಳ್ತೀನಿ. ನನ್ನ ದನಿ ಏನು ಸಂತೆ ಮಾಲೇನು, ಯಾರಾರ ಎತ್ಕಂಡು ಹೋಗಾಕೆ?' ನನಗೆ ರೊಟ್ಟಿ, ಕಾರದ ಚಟ್ನಿ ಕೊಟ್ಟ. ಹೊರಡುವಾಗ ನಾಯಿ ಸ್ವಲ್ಪ ದೂರ ನನ್ನ ಬೈಕಿನ ಹಿಂದೆಯೇ ಬಂತು.

ದಾರಿಯುದ್ದಕ್ಕೂ ಅಧ್ಯಕ್ಷರ ಗಂಡ ನಮ್ಮ ಕೇರಿಯಲ್ಲಿ ಗುದ್ದಲಿ ಹೊಡೆಯುವುದನ್ನು, ಅವರ ಏದುಸಿರನ್ನು ಬಾಯಲ್ಲಿ ರೂಢಿ ಮಾಡಿಕೊಳ್ಳುತ್ತಾ ಬಂದೆ.

ಗ್ರಾಮಸಭೆಯ ಪ್ರಚಾರದ ರೆಕಾರ್ಡಿಂಗು ಪಂಚಾಯ್ತಿಯವರು ನನಗೇ ಕೊಟ್ಟರು. ಊರಿನಲ್ಲಿ ಬೇರೆ ದನಿ ಇರಲಿಲ್ಲ. ಸಭೆಯ ದಿನ, ಸ್ಥಳ, ಆಮೇಲೆ ಆ ವರ್ಷದ ಕಾಮಗಾರಿಗಳ ಫಲಾನುಭವಿಗಳ ಪಟ್ಟಿ. ನಾನು ಗಂಭೀರ ದನಿಯಲ್ಲಿ ಓದುತ್ತಾ ಹೋದೆ. ಇಂಥವರಿಗೆ ದನದ ಕೊಟ್ಟಿಗೆ, ಇಂಥವರಿಗೆ ಬದು. ನಾಲ್ಕನೆಯದು ಕುರಿ ಶೆಡ್ಡು, ಮಾವನ ಹೆಂಡತಿಯ ಹೆಸರಿನಲ್ಲಿ. ಆ ಪಟ್ಟಿಗೆ ಒಪ್ಪಿಗೆ ಕೊಡುವ ಮೆಂಬರುಗಳಲ್ಲಿ ಮಾವನೂ ಒಬ್ಬ. ಓದಿ ಮುಂದಕ್ಕೆ ಹೋದೆ. ಆಮೇಲೆ ಹಿಂದಕ್ಕೆ ಹಾಕಿ ನನ್ನ ದನಿಯಲ್ಲೇ ಅದನ್ನು ಇನ್ನೊಮ್ಮೆ ಕೇಳಿದೆ.

ಆ ರೆಕಾರ್ಡು ಹಾಕಿಕೊಂಡ ಪ್ರಚಾರದ ಆಟೋ ಕೇರಿಗೂ ಬಂತು. ಅಕ್ಕ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಬಹಳ ದಿನದ ಮೇಲೆ ಅವಳಾಗಿಯೇ ನನ್ನನ್ನು ಮಾತಾಡಿಸಿದಳು.

'ಮಾವ ಬರ್ತಾನಂತಾ?'

'ಬರ್ತೀನಿ ಅಂದಾನೆ.'

'ಬರ್ತಾನೆ ಬಿಡು. ಶೆಡ್ಡಿಗೆ ಜಾಗ ತೋರ್ಸಾಕಾದ್ರೂ ಬರ್ಬೇಕಲ್ಲ.'

'ಅವನು ಅಂಥೋನಲ್ಲಕ್ಕಾ.' ಹೇಳಿದೆ. ನನ್ನ ದನಿಯಲ್ಲೇ ಹೇಳಿದೆ, ಆದರೂ ಯಾಕೋ ಬೆಡ್‌ಶೀಟು ಮಾರಿದ ಹಾಗೆ ಕೇಳಿಸಿತು.

ಗ್ರಾಮಸಭೆಯ ದಿನ ಪಂಚಾಯ್ತಿ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ನಮ್ಮ ಕೇರಿಯ ತಾಯಂದಿರನ್ನು ಅಕ್ಕ ಕೂಲಿ ಬಿಡಿಸಿ ಕರೆತಂದಿದ್ದಳು. ಮಕ್ಕಳು ಅವರ ಕಂಕುಳಲ್ಲಿ. ಮಾವ ಬಂದಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಕಂಬಳಿ, ವೇದಿಕೆಯ ಮೇಲೆ ಪಿಡಿಒ ಪಕ್ಕದ ಕುರ್ಚಿ. ನಾನು ಕೈ ಎತ್ತಿದೆ, ಅವನು ತಲೆ ಆಡಿಸಿದ. ಬೆಂಬಲಕ್ಕೆ ಆಡಿಸಿದನೋ, ನೊಣ ಓಡಿಸಿದನೋ ತಿಳಿಯಲಿಲ್ಲ.

ಮೈಕು ಕೇಳಿ ತೆಗೆದುಕೊಂಡೆ. ಎದ್ದು ನಿಂತು ಊರಿನ ಎದುರು ಎಲ್ಲವನ್ನೂ ಒಪ್ಪಿಕೊಂಡೆ: ಚಾ ಅಂಗಡಿ, ಫೋನು, ಒಪ್ಪಿಗೆ, ಮಿರ್ಚಿ. ಜನ ನಗತೊಡಗಿದರು. 'ಎಲ್ಲಿ, ಇನ್ನೊಂದು ಸಲ ಮಾಡೋ!' ಎಂದು ಹಿಂದಿನಿಂದ ಕೂಗಿದರು. ಸಾಕ್ಷಿಗೆ ಬೇಕಲ್ಲ ಎಂದು ಮಾಡಿದೆ. ಕೆಮ್ಮು, ಹುರ್‍ರೋ, ಒಪ್ಪಿಗೆ ಐತ್ರಪ್ಪಾ, ಬ್ಯಾ. ಅಷ್ಟು ಚಪ್ಪಾಳೆ ನನ್ನ ಜೀವಮಾನದಲ್ಲಿ ಬಿದ್ದಿಲ್ಲ. ಪಿಡಿಒ ಕೂಡ ತಟ್ಟಿದರು. ಚಪ್ಪಾಳೆ ತಟ್ಟದವಳು ಅಕ್ಕ ಒಬ್ಬಳೇ. ಅವಳು ನನ್ನನ್ನು ನೋಡುತ್ತಿರಲಿಲ್ಲ, ವೇದಿಕೆಯನ್ನು ನೋಡುತ್ತಿದ್ದಳು.

ಅಧ್ಯಕ್ಷರ ಗಂಡ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು. 'ಹುಡುಗ ಚೆನ್ನಾಗಿ ಮಾಡಿದ. ಆದ್ರೆ ಮೆಂಬರೇ ಇಲ್ಲೇ ಅದಾರಲ್ಲ, ಅವರನ್ನೇ ಕೇಳಾಣ. ಏನ್ರಪ್ಪಾ ಮೆಂಬರ್ರೇ, ಅವತ್ತು ಫೋನಿನಾಗೆ ಮಾತಾಡಿದ್ದು ಯಾರು?'

ಮಾವ ಎದ್ದ. ಕಂಬಳಿಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡ. ತಾಯಂದಿರು ಮಕ್ಕಳ ಬಾಯಿ ಮುಚ್ಚಿ ಸುಮ್ಮನಿರಿಸಿದರು. ನಾನು ಮೈಕನ್ನು ಅವನ ಕಡೆ ಚಾಚಿದೆ. ಅವನು ನನ್ನ ಮುಖ ನೋಡಲಿಲ್ಲ, ಮೈಕಿಗೆ ಕೆಮ್ಮಿದ. ನಾನು ಮಾಡಿದ್ದ ಹಾಗೆಯೇ ಇತ್ತು ಆ ಕೆಮ್ಮು, ಒಂದು ಎಳೆ ಆಚೆಯಿಲ್ಲ, ಈಚೆಯಿಲ್ಲ.

'ಮಾತಾಡಿದ್ದು ನಾನೇ. ಲೇ ಹುಡುಗಾ, ಕುರಿ ದನಿ ನಿಂಗೆ ಚೆನ್ನಾಗಿ ಬರ್ತೈತೆ, ನನ್ನ ದನಿ ಇನ್ನೂ ಬರಲ್ಲ. ಕುಂತ್ಕ.'